ಏಡಿಯ ಬಲಗಡೆ

ಸೋಮವಾರ ಬೆಳಿಗ್ಗೆ ನೆಲಮಾಳಿಗೆಯ ಬೀಗ ತೆಗೆದ ಕೂಡಲೇ ಜಾಡಿಯಕ್ಕ ದೀಪ ಹಾಕುವುದಿಲ್ಲ. ಕತ್ತಲಲ್ಲೇ ಎರಡು ಹೆಜ್ಜೆ ಒಳಗೆ ಹೋಗಿ ಗಾಳಿ ಮೂಸುತ್ತಾಳೆ. ಶನಿವಾರ ಬಿಟ್ಟು ಹೋದಾಗ ಇದ್ದಷ್ಟೇ ಸ್ಪಿರಿಟ್ ವಾಸನೆಯಿದ್ದರೆ ಎಲ್ಲ ಸರಿಯಿದೆ. ಒಂದು ಎಳೆ ಜಾಸ್ತಿಯಿದ್ದರೂ ಎಲ್ಲೋ ಒಂದು ಮುಚ್ಚಳ ಸಡಿಲವಾಗಿದೆ. ಅದು ಯಾವ ಸಾಲಿನಲ್ಲಿ ಎನ್ನುವುದನ್ನೂ ಅವಳ ಮೂಗು ಹೆಚ್ಚುಕಡಿಮೆ ಹೇಳಿಬಿಡುತ್ತದೆ. ಆಮೇಲೆ ದೀಪ.

ಅದೊಂದು ಸಮುದ್ರ ಸಂಶೋಧನಾ ಸಂಸ್ಥೆ. ಮೇಲಿನ ಮೂರು ಅಂತಸ್ತುಗಳಲ್ಲಿ ವಿಜ್ಞಾನಿಗಳು, ಕಂಪ್ಯೂಟರುಗಳು, ಕೆಟ್ಟು ನಿಂತ ಕಾಫಿ ಯಂತ್ರ. ಕೆಳಗೆ ಜಾಡಿಯಕ್ಕ ಮತ್ತು ಆರು ಸಾಲು ಕಬ್ಬಿಣದ ಕಪಾಟು. ಹನ್ನೊಂದು ಸಾವಿರ ಚಿಲ್ಲರೆ ಗಾಜಿನ ಜಾಡಿಗಳಲ್ಲಿ ಮೀನು, ಏಡಿ, ಸೀಗಡಿ ಸ್ಪಿರಿಟ್ಟಿನಲ್ಲಿ ಮುಳುಗಿ ಕೂತಿವೆ. ಸ್ಪಿರಿಟ್ ತಾನಾಗಿ ಆರುತ್ತದೆ, ಆರಿದಷ್ಟೂ ತುಂಬಬೇಕು. ಅದನ್ನು ಬಲ್ಲವಳು ಆ ಕಟ್ಟಡದಲ್ಲಿ ಅವಳೊಬ್ಬಳೇ. ಯಾವ ಜಾಡಿಯ ಮುಚ್ಚಳಕ್ಕೆ ಯಾವ ಗಾತ್ರದ ರಬ್ಬರ್ ಬಳೆ ಎನ್ನುವುದು ಅವಳಿಗೆ ಬಾಯಿಪಾಠ. ಚೀಟಿ ಜಾಡಿಯ ಒಳಗೇ ಇರಬೇಕು, ಪೆನ್ಸಿಲ್ಲಿನಲ್ಲೇ ಬರೆದಿರಬೇಕು ಎನ್ನುವುದು ಅವಳ ಕಟ್ಟಾಜ್ಞೆ. ಡಾಕ್ಟರೇಟ್ ಮಾಡಿದವರೊಬ್ಬರು ಒಮ್ಮೆ ತಮ್ಮ ಚೆಂದದ ಪೆನ್ನಿನಲ್ಲಿ ನಲವತ್ತು ಚೀಟಿ ಬರೆದಿಟ್ಟು ಹೋಗಿದ್ದರು. ಮಾರನೇ ವರ್ಷ ನೋಡಿದರೆ ಮೀನುಗಳಿದ್ದವು, ಸ್ಪಿರಿಟ್ ನೀಲಿಯಾಗಿತ್ತು, ಹೆಸರು ಮಾತ್ರ ಇರಲಿಲ್ಲ.

ನಾಲ್ಕನೇ ಸಾಲಿನ ಎರಡನೇ ಹಲಗೆಯ ತುದಿಗೆ ಒಂದು ಪುಟ್ಟ ಜಾಡಿ. ಅದರಲ್ಲಿ ಹೆಬ್ಬೆರಳುದ್ದದ ಒಂದು ಮೀನು. ಬಸವನಹುಳು ಮೀನುಗಳ ಕುಲದ್ದು. ಆ ಕುಲದವಕ್ಕೆ ಹುರುಪೆಯಿಲ್ಲ. ಒದ್ದೆ ಕಾಗದದಂಥ ಸಡಿಲ ಚರ್ಮ, ಒಳಗೆ ಮಾಂಸದ ಬದಲು ಹೆಚ್ಚುಪಾಲು ಲೋಳೆ. ಆ ಲೋಳೆಯಲ್ಲಿ ಬಹುಪಾಲು ನೀರೇ ಇರುವುದರಿಂದ, ಬೇರೆ ಮೀನುಗಳಿಗಿರುವ ಗಾಳಿಚೀಲ ಇಲ್ಲದಿದ್ದರೂ ಆಳದಲ್ಲಿ ಭಾರವಿಲ್ಲದೆ ತೇಲುತ್ತವೆ. ಗಂಟಲ ಕೆಳಗೆ ಎರಡು ರೆಕ್ಕೆಗಳು ಕೂಡಿ ಒಂದು ದುಂಡು ಬಿಲ್ಲೆಯಾಗಿದೆ, ಕಲ್ಲಿಗೆ ಕಚ್ಚಿಕೊಂಡು ಕೂರಲು. ಈ ಮೀನಿನ ಬಿಲ್ಲೆ ಅಂಗಿಯ ಗುಂಡಿಯ ಅರ್ಧದಷ್ಟೂ ಇಲ್ಲ. ಸಾವಿರದ ಮುನ್ನೂರು ಮೀಟರ್ ಆಳದಿಂದ ಬಂದದ್ದು. ಈ ಜಾತಿಯಲ್ಲಿ ಇದುವರೆಗೆ ಮನುಷ್ಯರ ಕೈಗೆ ಸಿಕ್ಕಿದ್ದು ಇದೊಂದೇ. ಚೀಟಿಯ ಮೇಲೆ ಎರಡು ಸಾಲಿನ ಶಾಸ್ತ್ರೀಯ ಹೆಸರಿದೆ. ಜಾಡಿಯಕ್ಕ ಅದನ್ನು ಕರೆಯುವುದು ಪುಟ್ಟಿ ಎಂದು.

ಪುಟ್ಟಿಯನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಂಡಿರುವವಳು ಅವಳೇ. ಕೊಳೆಯದಂತೆ ಮೊದಲು ಮುಳುಗಿಸಿಡುವ ಫಾರ್ಮಲಿನ್‌ನಿಂದ ತೆಗೆದು ನೇರ ಗಟ್ಟಿ ಸ್ಪಿರಿಟ್ಟಿಗೆ ಹಾಕಿದರೆ ಲೋಳೆ ಮೀನು ಒಣದ್ರಾಕ್ಷಿಯಂತೆ ಮುದುಡುತ್ತದೆ. ಮೊದಲು ತೆಳು, ಆಮೇಲೆ ನಡುವಣದ್ದು, ಆಮೇಲೆ ಗಟ್ಟಿ ಎಂದು ದಿನ ಬಿಟ್ಟು ದಿನ ಏರಿಸುತ್ತಾ ಅದನ್ನು ಹದಕ್ಕೆ ತಂದಿದ್ದಳು. ಚಿಮಟ ಮುಟ್ಟಿಸಿರಲಿಲ್ಲ. ತೆಳುಬಟ್ಟೆಯ ಜೋಲಿಯಲ್ಲಿ ಎತ್ತಿ ಇಳಿಸಿದ್ದಳು.

ಇಷ್ಟು ನಾಜೂಕು ಅವಳಿಗೆ ಬಂದದ್ದು ಬಂದರಿನಲ್ಲಿ. ಅಮ್ಮ ಏಡಿ ಸೋಸುವ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದವಳು. ತಗಡಿನ ಮಾಡು, ಉದ್ದದ ಸಿಮೆಂಟ್ ಕಟ್ಟೆ, ಕಾಲಡಿ ಸದಾ ಹರಿಯುವ ತಣ್ಣೀರು. ಶಾಲೆ ಬಿಟ್ಟ ಮೇಲೆ ಮಗಳೂ ಅಲ್ಲೇ ಕೂರುತ್ತಿದ್ದಳು. ಏಡಿ ಕೈಗೆ ಬಂದರೆ ಚಿಪ್ಪು ಎತ್ತು, ಎಡಗಡೆ ಹೆಬ್ಬೆರಳು ಹಾಕಿ ಕಿವಿರು ಕೀಳು, ಬಲಗಡೆ ಹಾಕಿ ಕೀಳು, ಎರಡು ತುಂಡು ಮಾಡಿ ಬುಟ್ಟಿಗೆ ಹಾಕು. ಕಿವಿರೆಂದರೆ ಚಿಪ್ಪಿನಡಿ ಎರಡೂ ಪಕ್ಕದಲ್ಲಿ ಸಾಲಾಗಿ ಮಲಗಿದ ಬೂದು ಬಣ್ಣದ ಮೆತ್ತನೆಯ ಬೆರಳುಗಳು. ಮೊದಲು ಕೊಳೆಯುವುದು ಅದೇ. ಒಂದು ಏಡಿಗೆ ಉಸಿರು ಎಳೆದು ಬಿಡುವಷ್ಟು ಹೊತ್ತು. ಹನ್ನೆರಡರ ವಯಸ್ಸಿಗೆ ಅವಳು ಕಣ್ಣುಮುಚ್ಚಿ ಆ ಕೆಲಸ ಮಾಡುತ್ತಿದ್ದಳು.

ಮುಂದೆ ಸಂಸ್ಥೆಗೆ ಕಸ ಗುಡಿಸಲು ಸೇರಿದಳು. ಗಾಜು ಒಡೆಯದ ಕೈ ಎಂದು ಕೆಳಗಿನ ಕೋಣೆಗೆ ಕಳಿಸಿದರು. ಒಮ್ಮೆ ಸಂಶೋಧನಾ ಹಡಗಿಗೆ ಹೋಗಬೇಕಿದ್ದ ಸಹಾಯಕನಿಗೆ ಜ್ವರ ಬಂದು ಅವಳು ಹೋದಳು. ಹನ್ನೊಂದು ದಿನದ ಆ ಪಯಣದ ಏಳನೇ ದಿನ, ಒಂದೇ ಬಲೆಯಲ್ಲಿ ಪುಟ್ಟಿಯೂ ಬಂತು, ಒಂದು ಮುಳ್ಳೇಡಿಯೂ ಬಂತು. ಆಗ ಪುಟ್ಟಿ ಗುಲಾಬಿ ಬಣ್ಣಕ್ಕಿತ್ತು.

*

ಪುಟ್ಟಿಯನ್ನು ನೋಡಲೆಂದೇ ಬೇರೆ ಊರಿನ ಸಂಶೋಧಕಿಯೊಬ್ಬಳು ವಾರದ ಮಟ್ಟಿಗೆ ಬಂದಳು. ಮೂವತ್ತರ ಆಸುಪಾಸು, ಚುರುಕು ಕಣ್ಣು, ಎಲ್ಲರೊಡನೆ ನಗುಮಾತು. ಸಂಸ್ಥೆಯವರ ಬಾಯಲ್ಲಿ ಮೊದಲ ದಿನವೇ ಮೀನು ಮೇಡಂ ಆದಳು. ಸೋಮವಾರವಿಡೀ ಪುಟ್ಟಿಯ ಅಳತೆ ತೆಗೆದಳು. ಎಕ್ಸ್-ರೇ ಹಿಡಿಸಿ ಬೆನ್ನೆಲುಬಿನ ಗಂಟುಗಳನ್ನು ಎಣಿಸಿದಳು, ಐವತ್ನಾಲ್ಕು. ಮಂಗಳವಾರ ಬೆಳಿಗ್ಗೆ ಕೈಗವಸು ಬಿಚ್ಚುತ್ತಾ ಹೇಳಿದಳು.

"ಅಕ್ಕಾ, ಗುರುವಾರ ಇದನ್ನ ಕೊಯ್ಯೋಣ."

"ಕೊಯ್ಯೋದು ಅಂದ್ರೆ?"

"ಹೊಟ್ಟೆ ಹತ್ರ. ಇಷ್ಟೇ ಇಷ್ಟು ಸೀಳು."

"ಅದರ ಮೈಯೇ ಇಷ್ಟೇ ಇಷ್ಟು ಮೇಡಂ."

ಮೇಡಂ ನಕ್ಕಳು. ಆದರೆ ಮಾತು ಬಿಡಲಿಲ್ಲ. "ಒಳಗೆ ಸಣ್ಣ ಮೊಟ್ಟೆ ಸಾವಿರಾರು ಇದ್ರೆ, ನೀರಿಗೆ ಚೆಲ್ಲಿ ಕೈತೊಳ್ಕೊಳ್ಳೋ ಜಾತಿ. ದಪ್ಪ ಮೊಟ್ಟೆ ಕೆಲವೇ ಇದ್ರೆ, ಎಲ್ಲೋ ಬಚ್ಚಿಟ್ಟು ಕಾಪಾಡೋ ಜಾತಿ. ಇದು ಮರಿ ಮಾಡೋದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ ಅಕ್ಕಾ. ನಾನು ಇಷ್ಟು ದೂರ ಬಂದಿರೋದೇ ಅದಕ್ಕೆ."

"ಗಂಡಾಗಿದ್ರೆ?"

"ಗಂಡು ಅಂತ ಗೊತ್ತಾಗುತ್ತೆ."

"ಚೆನ್ನಾಗಿದೆ. ಗಂಡು ಅಂತ ತಿಳ್ಕೊಳ್ಳೋಕೆ ಇರೋ ಒಂದಕ್ಕೂ ಚೂರಿ ಹಾಕೋದು!"

ಜಾಡಿಯಕ್ಕ ಐದನೇ ಸಾಲಿಗೆ ಹೋಗಿ ಒಂದು ಜಾಡಿ ತಂದು ಮೇಜಿನ ಮೇಲಿಟ್ಟಳು. ಒಳಗೆ ಹರಿದ ಕಾಲುಚೀಲದಂಥದ್ದೊಂದು ತಳಕ್ಕೆ ಕೂತಿತ್ತು. "ಇದೂ ಲೋಳೆ ಮೀನೇ. ಇದನ್ನೂ ಇಷ್ಟೇ ಇಷ್ಟು ಅಂತಲೇ ಕೊಯ್ದಿದ್ದು. ವಾರದಲ್ಲಿ ಒಳಗಿನದೆಲ್ಲ ಹೊರಗೆ ಬಂತು. ಇಂಥದ್ದು ಇನ್ನೂ ಇಪ್ಪತ್ತಿದ್ದಾವೆ, ಹೋದರೆ ಹೋಯ್ತು. ಪುಟ್ಟಿ ಒಂದೇ."

ಇಬ್ಬರೂ ಮೇಲೆ ದೊಡ್ಡ ಸಾರ್ ಬಳಿ ಹೋದರು. ಸಂಗ್ರಹದ ಮುಖ್ಯಸ್ಥರು ಅವರು. ಹತ್ತೊಂಬತ್ತು ವರ್ಷದ ಹಿಂದಿನ ಆ ಹಡಗಿನಲ್ಲೂ ಅವರೇ ಯಜಮಾನರು. ಕನ್ನಡಕ ಹಣೆಗೇರಿಸಿ ಎರಡೂ ಕಡೆಯ ಮಾತು ಕೇಳಿದರು.

"ಅಲಂಕಾರಕ್ಕೆ ಇಟ್ಟಿರೋದಲ್ಲಮ್ಮ ನಾವು. ತಿಳ್ಕೊಳ್ಳೋಕೆ ಇಟ್ಟಿರೋದು," ಎಂದರು ಜಾಡಿಯಕ್ಕನಿಗೆ. "ಕೊಯ್ಯದೇ ತಿಳ್ಕೊಳ್ಳೋ ದಾರಿ ಇದ್ರೆ ಹೇಳು, ಕೇಳ್ತೀನಿ. ಇಲ್ಲ ಅಂದ್ರೆ ಗುರುವಾರ."

ಮೆಟ್ಟಿಲಿಳಿಯುವಾಗ ಮೇಡಂಗೆ ಒಂಥರಾ ಅನ್ನಿಸಿರಬೇಕು. ಟೀ ಕುಡಿಯೋಣ ಬನ್ನಿ ಎಂದು ಕರೆದು, ಮೂಲೆಯ ಬೆಂಚಿನ ಮೇಲೆ ಕೂತು ಸಮಾಧಾನದ ದನಿಯಲ್ಲಿ ವಿವರಿಸಿದಳು. ಬಸವನಹುಳು ಮೀನುಗಳಲ್ಲಿ ಕೆಲವು ಜಾತಿಗಳಿಗೆ ವಿಚಿತ್ರ ಬುದ್ಧಿ ಇದೆ. ಮೊಟ್ಟೆಯಿಡುವ ಕಾಲಕ್ಕೆ ಮಾತ್ರ ಹೆಣ್ಣಿಗೆ ಬಾಲದ ಕಡೆ ಒಂದು ಸಣ್ಣ ಕೊಳವೆ ಹೊರಬರುತ್ತದೆ. ಅದನ್ನು ಜೀವಂತ ಮುಳ್ಳೇಡಿಯ ಚಿಪ್ಪಿನ ಸಂದಿಗೆ ತೂರಿಸಿ, ಕಿವಿರಿನ ಕೋಣೆಯೊಳಗೇ ಮೊಟ್ಟೆಯಿಟ್ಟು ಹೋಗುತ್ತದೆ.

"ಯಾಕೆ ಅಲ್ಲಿ ಅಂದ್ರೆ, ಏಡಿ ಉಸಿರಾಡೋಕೆ ಸದಾ ಹೊಸ ನೀರು ಎಳ್ಕೊಳ್ತಾ ಇರುತ್ತಲ್ಲ? ಮೊಟ್ಟೆಗಳಿಗೆ ಪುಕ್ಕಟೆ ಗಾಳಿ. ಮೇಲೆ ಮುಳ್ಳಿನ ಕೋಟೆ. ಯಾವ ಕಳ್ಳ ಬರ್ತಾನೆ?"

"ಏಡಿಗೆ?"

"ಏಡಿ ಪಾಡು ಕಷ್ಟವೇ. ಆ ಕಡೆ ಕಿವಿರು ನಜ್ಜುಗುಜ್ಜಾಗುತ್ತೆ. ಮೊಟ್ಟೆಗಳೋ, ಜೇನು ಬಣ್ಣದ ಮಣಿಗಳ ಥರ ಒಂದಕ್ಕೊಂದು ಅಂಟಿ ದೊಡ್ಡ ಗೊಂಚಲು..."

ಜಾಡಿಯಕ್ಕನ ಕೈಯಲ್ಲಿದ್ದ ಲೋಟ ಅರ್ಧಕ್ಕೇ ನಿಂತಿತು. ನೆನಪು ಬಂದದ್ದು ತಲೆಯಿಂದಲ್ಲ, ಎಡಗೈ ಹೆಬ್ಬೆರಳಿನಿಂದ. ಹಡಗಿನ ಮೇಲೆ ತೂಗಾಡುವ ಮೇಜು, ಐಸಿನ ಬುಟ್ಟಿ, ಕೈಗೆ ಬಂದ ಮುಳ್ಳೇಡಿ. ಅದನ್ನು ಇದ್ದಂತೆಯೇ ಸ್ಪಿರಿಟ್ಟಿಗೆ ಹಾಕಬೇಕಿತ್ತು. ಆದರೆ ಕೈ ಬಂದರಿನ ಕೈ. ಯೋಚನೆ ಬರುವ ಮೊದಲೇ ಹೆಬ್ಬೆರಳು ಎಡಗಡೆಯ ಚಿಪ್ಪೆತ್ತಿ ಕಿವಿರು ಕಿತ್ತು ಸಮುದ್ರಕ್ಕೆ ಎಸೆದಾಗಿತ್ತು. ಕಿವಿರಿನ ಜೊತೆಗೆ ಮಣಿಗಳ ಒಂದು ಗೊಂಚಲೂ ಬಂದಿತ್ತು, ಜೇನು ಬಣ್ಣದ್ದು. ಬಲಗಡೆಗೆ ಕೈ ಹೋಗುವಷ್ಟರಲ್ಲಿ ಆ ತುದಿಯಿಂದ ದೊಡ್ಡ ಸಾರ್ ಕೂಗಿದ್ದರು: "ಏಯ್, ಅದು ಅಡುಗೆಗಲ್ಲ!"

ಕೈ ನಿಂತಿತ್ತು. ಹೊಸ ಕೆಲಸ, ಮೊದಲ ಪಯಣ. ಸಂಜೆ ರಿಜಿಸ್ಟರಿನಲ್ಲಿ ಆ ಏಡಿಯ ಮುಂದೆ ಅವಳು ಪೆನ್ಸಿಲ್ಲಿನಲ್ಲಿ ಬರೆದಿದ್ದಳು: "ಎಡಬದಿ ಬಲೆಯಲ್ಲಿ ಹಾನಿಯಾಗಿದೆ."

*

ಅಮ್ಮನಿಗೆ ಈಗ ಬೆರಳುಗಳು ಪೂರ್ತಿ ಮಡಚಿಕೊಳ್ಳುವುದಿಲ್ಲ. ಮೂವತ್ತು ವರ್ಷದ ತಣ್ಣೀರು ಗಂಟುಗಳಲ್ಲಿ ಕೂತಿದೆ. ನಾಲಿಗೆಗೆ ಮಾತ್ರ ಯಾವ ತೊಂದರೆಯೂ ಇಲ್ಲ. ಸಂಜೆ ಮಗಳು ಚಪ್ಪಲಿ ಬಿಡುತ್ತಲೇ, "ಬಂದ್ಯಾ? ಎಷ್ಟು ಹೆಣಕ್ಕೆ ನೀರು ಹಾಕಿ ಬಂದೆ ಇವತ್ತು?" ಎಂದಳು ಕಿಟಕಿ ಬಳಿಯ ಕುರ್ಚಿಯಿಂದ.

ಮಗಳು ನಗಲಿಲ್ಲ. ಅಡುಗೆಮನೆಯ ಹೊಸಿಲ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು.

"ಆ ಮಣಿಗಳಾ!" ಎಂದಳು ಅಮ್ಮ. "ಆಳದ ಏಡಿ ಬಂದ ದಿನ ನಾವು ಎಷ್ಟು ಎಸೆದಿಲ್ಲ! ಏಡಿದೇ ಮೊಟ್ಟೆ ಅಂತ ಉಳಿದವರು ಅನ್ನೋರು. ನಾನು ಆಗ್ಲೇ ಹೇಳ್ತಿದ್ದೆ, ಲೇ ಏಡಿ ಮೊಟ್ಟೆ ಹೊಟ್ಟೆ ಕೆಳಗಿನ ಮಡಿಕೆಯಲ್ಲಿ ಇರುತ್ತೆ, ಸಾಸಿವೆಯಷ್ಟು ಇರುತ್ತೆ. ಇವು ಜೋಳದ ಕಾಳಿನಷ್ಟು, ಅದೂ ಕಿವಿರಲ್ಲಿ. ಯಾರೋ ಬಂದು ಬಾಡಿಗೆಗೆ ಕೂತಿದ್ದಾರೆ ಅಂತ."

"ಯಾರು ಅಂತ ಕೇಳ್ಲಿಲ್ವಾ?"

"ಯಾರನ್ನ ಕೇಳೋದು, ಏಡಿನಾ? ಬುಟ್ಟಿ ತುಂಬಿಸಬೇಕಿತ್ತಮ್ಮ ತಾಯಿ."

ಮಗಳು ಕೇಳಿದಳು, "ಎರಡೂ ಕಡೆ ಇರ್ತಿತ್ತಾ?"

"ಕೆಲವಕ್ಕೆ ಒಂದೇ ಕಡೆ. ಕೆಲವಕ್ಕೆ ಎರಡೂ ಕಡೆ. ನಿಂದು ಬಲಗಡೆ ಹಾಗೇ ಇದೆ ತಾನೇ?"

"ಇದೆ. ಆದರೆ ತೆಗೆದು ನೋಡ್ಬೇಕು ಅಂದ್ರೆ ಎಡಗಡೆ ಏನಾಯ್ತು ಅಂತ ಹೇಳ್ಬೇಕಾಗುತ್ತೆ. ಅಲ್ಲಿ ಇರೋ ಹನ್ನೊಂದು ಸಾವಿರ ಜಾಡಿಗೂ ನನ್ನ ಕೈಬರಹವೇ ಸಾಕ್ಷಿ. ಒಂದು ಸುಳ್ಳು ಅಂದ್ರೆ..."

"ಹೇಳಲ್ಲ ಅಂದ್ರೆ?"

"ಗುರುವಾರ ಪುಟ್ಟಿ ಹೊಟ್ಟೆ ಸೀಳ್ತಾರೆ."

ಅಮ್ಮ ಮಡಚದ ಬೆರಳಿನಿಂದ ಮೂಗು ಒರೆಸಿಕೊಂಡಳು. "ಹಾಗಾದ್ರೆ ನನ್ನನ್ನ ಕೇಳೋದೇನಿದೆ? ನೀನಾಗಲೇ ತೀರ್ಮಾನ ಮಾಡಿಯೇ ಬಂದಿದ್ದೀಯ, ನಿನ್ನ ಮುಖ ನನಗೆ ಗೊತ್ತಿಲ್ವಾ? ಒಂದು ಮಾತು ಕೇಳು. ಹತ್ತೊಂಬತ್ತು ವರ್ಷ ನೆಂದ ಚಿಪ್ಪು ಗಾಜಿನ ಹಾಗೆ ಆಗಿರುತ್ತೆ. ಹಿಂದಿನಿಂದ ಎತ್ತೋಕೆ ಹೋಗ್ಬೇಡ, ಚೂರಾಗುತ್ತೆ. ಕೊನೇ ಕಾಲಿನ ಬುಡದಲ್ಲಿ ಒಂದು ಸಂದಿ ಇದೆ ನೋಡು, ಅಲ್ಲಿಂದ ಹೋಗು."

*

ಬುಧವಾರ ಹತ್ತು ಗಂಟೆಗೆ ಜಾಡಿಯಕ್ಕ ಎರಡು ಜಾಡಿ ಮತ್ತು ಹಳೆಯ ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಇಬ್ಬರನ್ನೂ ಕೆಳಗೆ ಕರೆಸಿದಳು. ಒಂದರಲ್ಲಿ ಪುಟ್ಟಿ, ಇನ್ನೊಂದರಲ್ಲಿ ಮುಳ್ಳೇಡಿ. ನಿಂತುಕೊಂಡೇ ಹೇಳಿದಳು, ಸುತ್ತಿ ಬಳಸಿ ಹೋಗಲಿಲ್ಲ. ಎಡಗಡೆ ಕಿತ್ತದ್ದು ನಾನು, ಮಣಿಗಳಿದ್ದವು, ಸಮುದ್ರಕ್ಕೆ ಹೋದವು, ತಪ್ಪನ್ನು ಬಲೆಯ ಮೇಲೆ ಹಾಕಿ ಬರೆದೆ. ಬಲಗಡೆ ಮುಟ್ಟಿಲ್ಲ.

ಮೇಡಂ ರಿಜಿಸ್ಟರಿನ ಆ ಸಾಲನ್ನೇ ನೋಡುತ್ತಿದ್ದಳು. ಇಷ್ಟು ದಿನದ ನಗು ಮುಖದಲ್ಲಿರಲಿಲ್ಲ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಇದರಲ್ಲಿ ಒಂದು ಸಾಲು ಸುಳ್ಳು ಅಂದ್ಮೇಲೆ ಮಿಕ್ಕಿದ್ದನ್ನ ನಾನು ಹೇಗೆ ನಂಬಲಿ? ಈ ಏಡಿ ಪುಟ್ಟಿಯ ಬಲೆಯದ್ದೇ ಅನ್ನೋದಕ್ಕೂ ನಿಮ್ಮ ಬರಹವೇ ತಾನೇ ಆಧಾರ?"

ಆ ಪ್ರಶ್ನೆ ಬರುತ್ತದೆಂದು ಜಾಡಿಯಕ್ಕನಿಗೆ ರಾತ್ರಿಯೇ ಗೊತ್ತಿತ್ತು. "ನಂಬಬೇಡಿ," ಎಂದಳು. "ಪರೀಕ್ಷೆ ಮಾಡಿ. ಯಾವ ಪುಟ ಬೇಕಾದರೂ ತೆಗೀರಿ, ಜಾಡಿ ತಂದು ತಾಳೆ ನೋಡಿ. ಇನ್ನೊಂದು ಸುಳ್ಳು ಸಿಕ್ಕಿದ್ರೆ ಬೀಗದಕೈ ಇಲ್ಲೇ ಇಟ್ಟು ಮನೆಗೆ ಹೋಗ್ತೀನಿ."

ಮೇಡಂ ಸುಮ್ಮನೆ ಬಿಡುವವಳಲ್ಲ. ನಿಜವಾಗಿಯೂ ತೆಗೆದಳು. ಕಣ್ಣುಮುಚ್ಚಿ ಪುಟ ತಿರುಗಿಸಿ ಇಪ್ಪತ್ತು ಸಾಲುಗಳಿಗೆ ಬೆರಳಿಟ್ಟಳು. ಜಾಡಿಯಕ್ಕ ಒಂದೊಂದೇ ಜಾಡಿ ತಂದಿಟ್ಟಳು. ಏಣಿ ಹತ್ತಿದಳು, ಇಳಿದಳು, ಯಾವುದಕ್ಕೂ ಹುಡುಕಾಡಲಿಲ್ಲ. ಸೀಗಡಿಯ ಮುರಿದ ಮೀಸೆ ಎಡದ್ದು ಎಂದು ಬರೆದಿದ್ದರೆ ಎಡದ್ದೇ ಮುರಿದಿತ್ತು. ಮೂರು ಮೀನು, ಒಂದಕ್ಕೆ ಬಾಲವಿಲ್ಲ ಎಂದಿದ್ದರೆ ಹಾಗೆಯೇ ಇತ್ತು. ಇಪ್ಪತ್ತನೆಯದು ಮುಗಿಯುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಮೇಡಂ ಪುಸ್ತಕ ಮುಚ್ಚಿ, "ಸಾಕು ಅಕ್ಕಾ. ನನ್ನ ರಿಜಿಸ್ಟರ್ ಇಷ್ಟು ಚೊಕ್ಕ ಇಲ್ಲ," ಎಂದಳು.

ದೊಡ್ಡ ಸಾರ್ ರಿಜಿಸ್ಟರಿನ ಆ ಏಡಿಯ ಪುಟವನ್ನು ಮತ್ತೆ ತೆರೆದರು. "ಆ ಸಾಲಿನ ಪಕ್ಕ ಸಹಿ ಯಾರದು ನೋಡಿದ್ರಾ? ನಂದು. ಅಡುಗೆಗಲ್ಲ ಅಂತ ಕೂಗಿದವನೂ ನಾನೇ. ಬಲೆ ಅಷ್ಟು ನೀಟಾಗಿ ಕೀಳಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು. ಹೊಸ ಹುಡುಗಿ, ಹೋಗಲಿ ಅಂತ ಸಹಿ ಹಾಕ್ಬಿಟ್ಟೆ." ಕನ್ನಡಕ ಕೆಳಗಿಳಿಸಿದರು. "ಈಗ ಬಲಗಡೆ ನೋಡೋಣ. ಯಾರು ತೆಗೀತೀರಿ?"

"ನಾನೇ," ಎಂದಳು ಜಾಡಿಯಕ್ಕ.

ಏಡಿಯನ್ನು ಬಿಳಿ ತಟ್ಟೆಯಲ್ಲಿ ಬೋರಲು ಮಲಗಿಸಿ ದೀಪವನ್ನು ಹತ್ತಿರ ಎಳೆದುಕೊಂಡಳು. ಅಮ್ಮ ಹೇಳಿದಂತೆ ಕೊನೆಯ ಕಾಲಿನ ಬುಡ ಹುಡುಕಿದಳು. ಸಂದಿ ಅಲ್ಲೇ ಇತ್ತು, ಅಕ್ಕಿಕಾಳು ಹೋಗುವಷ್ಟು. ಮೊಂಡು ಮೂತಿಯ ಚಪ್ಪಟೆ ಕಡ್ಡಿಯನ್ನು ಅದರೊಳಗೆ ತೂರಿಸಿ, ಬಲ ಹಾಕದೆ, ಸ್ವಲ್ಪ ಸ್ವಲ್ಪವೇ ಅಂಚನ್ನು ಬಿಡಿಸುತ್ತಾ ಬಂದಳು. ಮೇಡಂ ಬಗ್ಗಿ ನೋಡುತ್ತಿದ್ದಳು. "ಅಕ್ಕಾ, ಆ ಮೀನುಗಳು ಕೊಳವೆ ತೂರಿಸೋದೂ ಇಂಥ ಸಂದಿಯಲ್ಲೇ," ಎಂದು ಪಿಸುಗುಟ್ಟಿದಳು.

"ಮೀನಿಗೂ ನಮ್ಮಮ್ಮನೇ ಹೇಳ್ಕೊಟ್ಟಿರಬೇಕು," ಎಂದಳು ಜಾಡಿಯಕ್ಕ, ಕೈ ನಿಲ್ಲಿಸದೆ.

ಚಿಪ್ಪಿನ ಪಕ್ಕ ಪುಸ್ತಕದ ಹಾಳೆಯಂತೆ ಮೆಲ್ಲಗೆ ಮೇಲೆದ್ದಿತು. ಬೂದು ಬೆರಳುಗಳು ಒಂದು ಮೂಲೆಗೆ ಒತ್ತಿಹೋಗಿ ಚಪ್ಪಟೆಯಾಗಿದ್ದವು. ಮಿಕ್ಕ ಜಾಗವನ್ನೆಲ್ಲ ಮಣಿಗಳು ತುಂಬಿದ್ದವು. ಸ್ಪಿರಿಟ್ಟಿನಲ್ಲಿ ಜೇನು ಬಣ್ಣ ಮಾಸಿ ಹಾಲಿನ ಬಣ್ಣಕ್ಕೆ ತಿರುಗಿತ್ತು. ಪ್ರತಿಯೊಂದರಲ್ಲೂ ಎರಡು ಕಪ್ಪು ಚುಕ್ಕೆ.

"ಕಣ್ಣು," ಎಂದಳು ಮೇಡಂ. "ಅಯ್ಯೋ, ಮರಿಗಳಾಗಿವೆ ಅಕ್ಕಾ. ಒಡೆಯೋಕೆ ಇನ್ನೇನು ಕೆಲವೇ ದಿನ ಇತ್ತು."

ದೊಡ್ಡ ಸಾರ್ ಮೇಲೆ ಹೋದರು. ಗುರುವಾರದ ಅನುಮತಿ ಪತ್ರ ತಂದು ಎರಡಾಗಿ ಮಡಚಿ ಜೇಬಿಗೆ ಹಾಕಿಕೊಂಡು, "ಇವು ಪುಟ್ಟಿಯ ಜಾತಿಯವೇ ಅಂತ ತೋರಿಸಿ. ಅಲ್ಲೀವರೆಗೆ ಇದು ಇಲ್ಲೇ ಇರುತ್ತೆ," ಎಂದರು.

ಎಣಿಸಿದಾಗ ಮೊಟ್ಟೆಗಳು ನೂರಾ ಹದಿಮೂರು. ಜಾಡಿಯಕ್ಕ ಹತ್ತನ್ನು ಮಾತ್ರ ಬಿಡಿಸಿದಳು. ಮರಿಗಳ ಮೈಯನ್ನು ಔಷಧದಲ್ಲಿ ತಿಳಿಗೊಳಿಸಿ ಮೂಳೆಗೆ ಕೆಂಪು ಬಣ್ಣ ಏರಿಸುವ ಕೆಲಸ ಅದು. ಮೂರು ದಿನ ಬೇಕು. ಒಂದು ಗಳಿಗೆ ಹೆಚ್ಚಾದರೆ ಮರಿ ಕರಗಿಹೋಗುತ್ತದೆ, ಕಡಿಮೆಯಾದರೆ ಏನೂ ಕಾಣುವುದಿಲ್ಲ. ಶನಿವಾರ ಮಧ್ಯಾಹ್ನ ಹತ್ತು ಮರಿಗಳೂ ಗಾಜಿನ ತಟ್ಟೆಯಲ್ಲಿ ನೀರಿನಂತೆ ತಿಳಿಯಾಗಿ ಮಲಗಿದ್ದವು. ಒಳಗೆ ಕೆಂಪು ದಾರದಷ್ಟು ಬೆನ್ನೆಲುಬು. ಗಂಟಲ ಕೆಳಗೆ ಸೂಜಿಮೊನೆಯಷ್ಟು ದುಂಡು ಬಿಲ್ಲೆ.

ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಗಂಟು ಎಣಿಸುತ್ತಾ ಹೋದಳು. ಜಾಡಿಯಕ್ಕ ಬರೆದುಕೊಂಡಳು. ಐವತ್ನಾಲ್ಕು. ಐವತ್ನಾಲ್ಕು. ಐವತ್ಮೂರು. ಐವತ್ನಾಲ್ಕು. ಹತ್ತರಲ್ಲಿ ಎಂಟಕ್ಕೆ ಐವತ್ನಾಲ್ಕು, ಎರಡಕ್ಕೆ ಒಂದು ಕಡಿಮೆ.

"ಒಂದು ಹೆಚ್ಚುಕಡಿಮೆ ಎಲ್ಲ ಮೀನಲ್ಲೂ ಇರುತ್ತೆ," ಎಂದು ಮೇಡಂ ಬೆನ್ನು ನೆಟ್ಟಗೆ ಮಾಡಿದಳು. "ಅದೇ ಬಲೆ, ಅದೇ ಬಿಲ್ಲೆ, ಅದೇ ಗಂಟು. ಆ ನೀರಲ್ಲಿ ಸಿಕ್ಕಿರೋ ಇದರ ಬೇರೆ ನೆಂಟರಿಗೆಲ್ಲ ಅರವತ್ತರ ಮೇಲೆ. ನೂರಕ್ಕೆ ನೂರು ಅಂತ ಬರೆಯೋಕೆ ಆಗಲ್ಲ, ಇನ್ನೊಂದು ಮೀನು ಸಿಗೋವರೆಗೆ. ಆದರೆ ಕೊಯ್ದಿದ್ರೆ ಇಷ್ಟು ಖಂಡಿತ ತಿಳೀತಿರಲಿಲ್ಲ." ಆಮೇಲೆ ಸೇರಿಸಿದಳು: "ಪುಟ್ಟಿನೋ ಪುಟ್ಟನೋ ಅನ್ನೋದು ಮಾತ್ರ ಗೊತ್ತಾಗ್ಲಿಲ್ಲ."

"ನಂಗೇನೂ ಅವಸರ ಇಲ್ಲ," ಎಂದಳು ಜಾಡಿಯಕ್ಕ.

ದೊಡ್ಡ ಸಾರ್ ಅನುಮತಿ ಪತ್ರವನ್ನು ಜೇಬಿನಿಂದ ತೆಗೆದು ಹರಿದರು. ಆಮೇಲೆ ರಿಜಿಸ್ಟರ್ ಮುಂದೆ ತಳ್ಳಿ, ಮೇಜಿನ ಮೇಲಿದ್ದ ರಬ್ಬರನ್ನೂ ಜೊತೆಗಿಟ್ಟರು. "ಪೆನ್ಸಿಲ್ ತಾನೇ. ಅಳಿಸಿ ಸರಿಯಾಗಿ ಬರಿ. ನಾನು ಇನ್ನೊಂದು ಸಹಿ ಹಾಕ್ತೀನಿ."

"ರಬ್ಬರ್ ಬೇಡ ಸಾರ್."

ಹಳೆಯ ಸಾಲನ್ನು ಹಾಗೆಯೇ ಬಿಟ್ಟು ಅದರ ಕೆಳಗಿನ ಕಿರಿದಾದ ಜಾಗದಲ್ಲಿ, ಮೊನೆ ಮಾಡಿದ ಪೆನ್ಸಿಲ್ಲಿನಿಂದ, ಸಣ್ಣ ದುಂಡು ಅಕ್ಷರಗಳಲ್ಲಿ ಬರೆದಳು: "ಮೇಲಿನ ಸಾಲು ತಪ್ಪು. ಎಡಗಡೆಯ ಕಿವಿರನ್ನೂ ಮೊಟ್ಟೆಗಳನ್ನೂ ಕಿತ್ತೆಸೆದವಳು ನಾನು. ಬಲಗಡೆ ನೂರಾ ಹದಿಮೂರು ಮೊಟ್ಟೆ, ಕಣ್ಣು ಮೂಡಿವೆ. ಹತ್ತಕ್ಕೆ ಬಣ್ಣ ಹಾಕಿ ನೋಡಿದೆ." ದಿನಾಂಕ ಹಾಕಿ ಸಹಿ ಮಾಡಿದಳು. ಸಾರ್ ಪಕ್ಕದಲ್ಲಿ ತಮ್ಮದನ್ನೂ ಮಾಡಿದರು, ಈ ಸಲ ಎರಡು ಸಲ ಓದಿ.

ಆಮೇಲೆ ಮುಳ್ಳೇಡಿಯ ಜಾಡಿಯನ್ನು ಏಡಿಗಳ ಸಾಲಿನಿಂದ ತೆಗೆದು ನಾಲ್ಕನೇ ಸಾಲಿಗೆ ತಂದಳು. ನಿಯಮದ ಪ್ರಕಾರ ಏಡಿಗೆ ಅಲ್ಲಿ ಜಾಗವಿಲ್ಲ. ಪುಟ್ಟಿಯ ಜಾಡಿಯನ್ನು ಎರಡು ಬೆರಳಷ್ಟು ಸರಿಸಿ ಜಾಗ ಮಾಡಿದಳು. ಎರಡರಲ್ಲೂ ಸ್ಪಿರಿಟ್ ಕತ್ತಿನವರೆಗೆ ತುಂಬಿ ಮುಚ್ಚಳ ತಿರುವಿ, ದೀಪ ಆರಿಸಿ, ಬಾಗಿಲ ಬಳಿ ನಿಂತು ಒಮ್ಮೆ ಗಾಳಿ ಮೂಸಿದಳು. ಸರಿಯಿತ್ತು.

ಮನೆಗೆ ಹೋದಾಗ ಅಮ್ಮ ಕಿಟಕಿ ಬಳಿಯೇ ಇದ್ದಳು. "ಏನಾಯ್ತೇ?"

"ಬಾಡಿಗೆಗೆ ಕೂತಿದ್ದವರು ಯಾರು ಅಂತ ಗೊತ್ತಾಯ್ತು."

"ಅದನ್ನ ತಿಳ್ಕೊಳ್ಳೋಕೆ ಇಷ್ಟು ಓದಿದವರು ಬೇಕಾಯ್ತಾ? ಶೆಡ್ಡಿಗೆ ಬಂದು ನನ್ನನ್ನ ಕೇಳಿದ್ರೆ ಆಗ್ತಿರಲಿಲ್ವಾ!"

"ಯಾರು ಅಂತ ನಿಂಗೂ ಗೊತ್ತಿರಲಿಲ್ಲವಲ್ಲಮ್ಮ."

"ಇಲ್ಲ," ಎಂದು ಅಮ್ಮ ಒಪ್ಪಿಕೊಂಡಳು. ಆಮೇಲೆ ಮಡಚದ ಬೆರಳುಗಳನ್ನು ಮುಂದೆ ಚಾಚಿ, "ಕೂತ್ಕೋ. ಕೊನೇ ಕಾಲಿನ ಸಂದಿಯಿಂದಲೇ ಹೋದ್ಯಾ? ಚಿಪ್ಪು ಒಡೀತಾ? ಮೊದಲಿಂದ ಹೇಳು," ಎಂದಳು.